ಸೆಲ್-ಫ್ರೀ ರಿಯಾಕ್ಷನ್ ಹೊಳೀತಿಲ್ಲ, ಎಲ್ಲಿ ತಪ್ಪಾಗ್ತಿದೆ? ಬಳ್ಳಾರಿಯಿಂದ ಒಂದು ಗೋಳು

ತುಂಗಭದ್ರಾ_ದಂಡೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎಂಎಸ್‌ಸಿ ಕೊನೆ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಸೆಲ್-ಫ್ರೀ ಪ್ರೋಟೀನ್ ತಯಾರಿಕೆ ತೆಗೆದುಕೊಂಡು ಎರಡು ತಿಂಗಳಾಯಿತು. ಗೈಡ್ ಬೇಡ ಅಂದಿದ್ದರು, ನಾನೇ ಹಟ ಹಿಡಿದೆ. ಈಗ ಅನುಭವಿಸುತ್ತಿದ್ದೇನೆ.

ಮಾಡಿದ್ದು ಇಷ್ಟು. ಇ. ಕೋಲೈ ಬಿಎಲ್21 ಸ್ಟಾರ್ ತಳಿ ಬೆಳೆಸಿದೆ. ತೊಳೆದು ಸೋನಿಕೇಟರಿನಲ್ಲಿ ಒಡೆದೆ. 12,000 ಜಿ ವೇಗದಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದಿಟ್ಟೆ. ಅದಕ್ಕೆ ಇಪ್ಪತ್ತು ಅಮೈನೋ ಆಮ್ಲ, ನಾಲ್ಕು ನ್ಯೂಕ್ಲಿಯೋಟೈಡ್, ಶಕ್ತಿಗೆ ಪಿಇಪಿ, ಮೆಗ್ನೀಸಿಯಂ 8 ಮಿಲಿಮೋಲಾರ್, ಪೊಟ್ಯಾಸಿಯಂ ಗ್ಲುಟಮೇಟ್ ಎಲ್ಲ ಹಾಕಿದೆ. ಡಿಎನ್‌ಎ ನಾನೇ ಮಿನಿಪ್ರೆಪ್ (ಬ್ಯಾಕ್ಟೀರಿಯಾದಿಂದ ಕಿಟ್ಟಿನಲ್ಲಿ ಬೇರ್ಪಡಿಸುವುದು) ಮಾಡಿದ್ದು. ಟಿ7 ಪ್ರೊಮೋಟರ್, ಅದರ ಮುಂದೆ ಸೂಪರ್‌ಫೋಲ್ಡರ್ ಜಿಎಫ್‌ಪಿ (ಹಸಿರು ಹೊಳೆಯುವ ಪ್ರೋಟೀನ್) ಜೀನ್. ಪಿಸಿಆರ್ ಟ್ಯೂಬಿನಲ್ಲಿ 100 ಮೈಕ್ರೋಲೀಟರ್, 37 ಡಿಗ್ರಿ, 4 ಗಂಟೆ.

ಡಿಎನ್‌ಎ ಹಾಕದ ಟ್ಯೂಬಿನ ಹೊಳಪನ್ನು ಮೆಷಿನ್ 210 ತೋರಿಸುತ್ತದೆ. ಹಾಕಿದ್ದು 640. ಸೀನಿಯರ್ ಬಿಟ್ಟುಹೋದ ರೆಡಿಮೇಡ್ ಕಿಟ್ಟಿನಲ್ಲಿ ಕಿಟ್ಟಿನದೇ ಡಿಎನ್‌ಎ ಹಾಕಿದರೆ 9,000 ದಾಟುತ್ತದೆ. ನನ್ನ ಡಿಎನ್‌ಎ ಎರಡು ಪಟ್ಟು ಹಾಕಿ ನೋಡಿದೆ, 500ಕ್ಕೆ ಇಳಿಯಿತು! ಜಾಸ್ತಿ ಹಾಕಿದರೆ ಕಡಿಮೆ ಆಗೋದು ಹೇಗೆ? ತಲೆ ಕೆಟ್ಟು ಮೊಸರಾಗಿದೆ.

ಮಿರ್ಚಿ_ಮಂಡಕ್ಕಿ

ತಂಗಿ, ಮೊದಲು ಹೋಗಿ ಒಗ್ಗರಣೆ ತಿನ್ನು, ಜೊತೆಗೆ ಎರಡು ಮಿರ್ಚಿ. 640 ನಾಳೆನೂ 640 ಆಗೇ ಇರುತ್ತದೆ.

ಗಂಗಾವತಿ_ಸೋನಾ

ನಾನು ಕಾಮರ್ಸ್ ಓದಿದವನು, ಸುಮ್ನೆ ಕುತೂಹಲ. ಸೆಲ್ ಇಲ್ಲದೆ ಪ್ರೋಟೀನ್ ಆಗೋದು ಅಂದರೆ ಏನು? ಸತ್ತ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ?

ರಾಯಚೂರು_ಬಿಸಿಲು

ಸೋನಾ ಅವರೇ, ಖಾನಾವಳಿ ಅಂದುಕೊಳ್ಳಿ. ಗೋಡೆ ಕೆಡವಿದ್ದೀರಿ. ಮಾಲೀಕನೂ ಇಲ್ಲ, ಗಿರಾಕಿಯೂ ಇಲ್ಲ. ಆದರೆ ಒಲೆ ಉರಿಯುತ್ತಿದೆ, ರೊಟ್ಟಿ ತಟ್ಟುವವರು ಕೂತೇ ಇದ್ದಾರೆ. ಆ ತಟ್ಟುವವರೇ ರೈಬೋಸೋಮ್. ಹಿಟ್ಟು ಅಂದರೆ ಅಮೈನೋ ಆಮ್ಲ, ಒಲೆಗೆ ಕಟ್ಟಿಗೆ ಅಂದರೆ ಎಟಿಪಿ. ನಾವು ಚೀಟಿ ಬರೆದು ಕೊಡುತ್ತೇವೆ, ಅದು ಡಿಎನ್‌ಎ. ಆ ಚೀಟಿಯ ನಕಲು ಆರ್‌ಎನ್‌ಎ. ನಕಲು ಕೈಗೆ ಸಿಕ್ಕರೆ ಅವರು ತಟ್ಟುತ್ತಾ ಹೋಗುತ್ತಾರೆ. ಸೆಲ್ ಬದುಕಿದ್ದರೆ ಅದಕ್ಕೆ ತನ್ನದೇ ಸಂಸಾರ, ಬೆಳೆಯಬೇಕು, ಒಡೆದು ಎರಡಾಗಬೇಕು. ಇಲ್ಲಿ ಆ ರಗಳೆ ಇಲ್ಲ.

ಹೊಸ ವಿದ್ಯೆ ಅಲ್ಲ ಇದು. 1961ರಲ್ಲಿ ಅಮೆರಿಕದಲ್ಲಿ ನಿರೆನ್‌ಬರ್ಗ್ ಮತ್ತು ಮಾಥೈ ಇ. ಕೋಲೈ ರಸಕ್ಕೆ ಬರೀ 'ಯು' ಅಕ್ಷರದ ಆರ್‌ಎನ್‌ಎ ಹಾಕಿದರು. ಬರೀ ಫಿನೈಲ್‌ಅಲನಿನ್ ಸರಪಳಿ ಬಂತು. ಜೆನೆಟಿಕ್ ಕೋಡಿನ ಮೊದಲ ಪದ ಓದಿದ್ದು ಹಾಗೆ. 1968ರ ನೊಬೆಲ್ ನಿರೆನ್‌ಬರ್ಗ್, ನಮ್ಮ ಹರಗೋಬಿಂದ್ ಖುರಾನಾ, ಹಾಲಿ ಮೂವರಿಗೆ ಹೋಯಿತು.

ಈಗ ತಂಗಿಗೆ. ನಾನು ಈ ಕೆಲಸದಲ್ಲಿ ಐದು ವರ್ಷ ಕೈ ಸುಟ್ಟುಕೊಂಡವನು, ಈಗ ರಾಯಚೂರಿನಲ್ಲಿ ಪಾಠ ಮಾಡುತ್ತೇನೆ. ಸ್ವಲ್ಪ ಪ್ರಶ್ನೆ. ಸೆಲ್ ಕಟಾವು ಮಾಡಿದ್ದು ಎಷ್ಟು ಓಡಿಗೆ, ಅಂದರೆ ಎಷ್ಟು ದಟ್ಟವಾದಾಗ? ಚೀಟಿ ನಕಲು ಮಾಡುವ ಟಿ7 ಪಾಲಿಮರೇಸ್ ಎಲ್ಲಿಂದ ಬಂತು? ಒಡೆದ ಮೇಲೆ ರಸದ ಬಣ್ಣ ಹೇಗಿತ್ತು? ಡಿಎನ್‌ಎ ಯಾವುದರಲ್ಲಿ ಕರಗಿಸಿಟ್ಟಿದ್ದೀಯ?

ತುಂಗಭದ್ರಾ_ದಂಡೆ

ಸರ್, ಮೊದಲ ಸಲ ರಾತ್ರಿಯಿಡೀ ಬೆಳೆಸಿ ಬೆಳಿಗ್ಗೆ ತೆಗೆದೆ. ಓಡಿ 7ರ ಹತ್ತಿರ ಇತ್ತು. ಜಾಸ್ತಿ ಸೆಲ್, ಜಾಸ್ತಿ ರಸ ಅಂದುಕೊಂಡೆ. ಎರಡನೇ ಬ್ಯಾಚು ಓಡಿ 3ಕ್ಕೆ ತೆಗೆದೆ, ಮೇಲೆ ಹೇಳಿದ ಲೆಕ್ಕ ಆ ಬ್ಯಾಚಿನದು. ಬೆಳೆಯುವಾಗಲೇ ಐಪಿಟಿಜಿ (ಆ ಪಾಲಿಮರೇಸ್ ಮಾಡು ಅಂತ ಸೆಲ್ಲಿಗೆ ಹೇಳುವ ಪುಡಿ) ಹಾಕಿದ್ದೆ, ಹಾಗಾಗಿ ಟಿ7 ಪಾಲಿಮರೇಸ್ ರಸದಲ್ಲೇ ಇದೆ. ಬಣ್ಣ ಮೊದಲು ಗಟ್ಟಿ ಮಜ್ಜಿಗೆ ಥರ ಇತ್ತು. ಸೋನಿಕೇಟ್ ಮಾಡುತ್ತಾ ಹೋದಂತೆ ತಿಳಿಯಾಗಿ ಕಂದು ಬಣ್ಣಕ್ಕೆ ತಿರುಗಿತು. ಡಿಎನ್‌ಎ ಟಿಇ ಬಫರಿನಲ್ಲಿದೆ.

ಆನೆಗೊಂದಿ_ಹುಡುಗ

ಸಿಕ್ಕಿತು! ಟಿಇ ಬಫರಿನಲ್ಲಿ ಇಡಿಟಿಎ ಇರುತ್ತದೆ. ಅದು ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಮೆಗ್ನೀಸಿಯಂ ಇಲ್ಲದೆ ರೈಬೋಸೋಮಿನ ಎರಡು ಭಾಗ ಒಟ್ಟಿಗೆ ನಿಲ್ಲಲ್ಲ. ಅದಕ್ಕೇ ಡಿಎನ್‌ಎ ಜಾಸ್ತಿ ಹಾಕಿದಷ್ಟೂ ಕಡಿಮೆ ಆಗ್ತಿದೆ. ಕೇಸ್ ಕ್ಲೋಸ್.

ರಾಯಚೂರು_ಬಿಸಿಲು

ತಮ್ಮಾ, ಲೆಕ್ಕ ಹಾಕು. ಟಿಇ ಬಫರಿನಲ್ಲಿ ಇಡಿಟಿಎ 1 ಮಿಲಿಮೋಲಾರ್. 100ರಲ್ಲಿ 20 ಮೈಕ್ರೋಲೀಟರ್ ಡಿಎನ್‌ಎ ಹಾಕಿದರೂ 0.2 ಆಯಿತು. ಅವಳು ಹಾಕಿದ ಮೆಗ್ನೀಸಿಯಂ 8. ಸ್ವಲ್ಪ ತೊಂದರೆ ಕೊಡಬಹುದು, 9,000ವನ್ನು 640ಕ್ಕೆ ಇಳಿಸುವಷ್ಟು ಅಲ್ಲ.

ನನ್ನ ಅನುಮಾನ ಬೇರೆ. ಮಿನಿಪ್ರೆಪ್ ಕಿಟ್ಟಿನ ಮೊದಲ ಬಫರಿನಲ್ಲೇ ಆರ್‌ಎನ್‌ಏಸ್-ಎ ಇರುತ್ತದೆ, ಬ್ಯಾಕ್ಟೀರಿಯಾದ ಆರ್‌ಎನ್‌ಎ ತಿಂದುಹಾಕಲು. ಕಾಲಮ್ಮಿನಲ್ಲಿ ಎಷ್ಟು ತೊಳೆದರೂ ಚೂರು ಉಳಿಯಬಹುದು. ಪಿಸಿಆರಿಗೆ, ಡಿಎನ್‌ಎ ಕತ್ತರಿಸುವುದಕ್ಕೆ ಅದರಿಂದ ಏನೂ ಆಗಲ್ಲ, ಹಾಗಾಗಿ ಯಾರ ಗಮನಕ್ಕೂ ಬರಲ್ಲ. ಸೆಲ್-ಫ್ರೀಯಲ್ಲಿ ಮಾತ್ರ ಅದು ಚೀಟಿಯ ನಕಲನ್ನು ರೈಬೋಸೋಮ್ ಓದುವ ಮೊದಲೇ ಹರಿದುಹಾಕುತ್ತದೆ. ಕುದಿಸಿದರೂ ಸಾಯದ ಮೊಂಡ ಎನ್‌ಜೈಮ್ ಅದು.

ಊಹೆ ಸಾಕು, ಪರೀಕ್ಷೆ ಮಾಡು. ಕಿಟ್ಟಿನ ಡಿಎನ್‌ಎ ಚೆನ್ನಾಗಿ ಹೊಳೆಯುತ್ತೆ ಅಲ್ವಾ? ಆ ಟ್ಯೂಬಿಗೆ ನಿನ್ನ ಡಿಎನ್‌ಎ 2 ಮೈಕ್ರೋಲೀಟರ್ ಸೇರಿಸು. ಇನ್ನೊಂದಕ್ಕೆ ಬರೀ ಟಿಇ 2 ಮೈಕ್ರೋಲೀಟರ್ ಹಾಕು. ಟಿಇ ಹಾಕಿದ್ದು ಇಳಿದರೆ ತಮ್ಮ ಹೇಳಿದ್ದು ಸರಿ. ನಿನ್ನ ಡಿಎನ್‌ಎ ಹಾಕಿದ್ದು ಮಾತ್ರ ಇಳಿದರೆ ವಿಷ ನಿನ್ನ ಮಿನಿಪ್ರೆಪ್‌ನಲ್ಲಿದೆ.

ಆನೆಗೊಂದಿ_ಹುಡುಗ

0.2 ಅಂತ ಲೆಕ್ಕ ಹಾಕಿರಲಿಲ್ಲ ಸರ್. ಬಾಯಿ ಮುಚ್ಚಿದೆ.

ಬೀಗದ_ಕೈ_ನನ್ನ_ಹತ್ರ

ನಾನು ಲ್ಯಾಬ್ ಟೆಕ್ನಿಷಿಯನ್, ಈ ಕಡೆಯವನೇ, ಹೆಸರು ಬೇಡ. ಎಲ್ಲರೂ ಕೆಮಿಸ್ಟ್ರಿ ಮಾತಾಡ್ತೀರಿ, ಕರೆಂಟ್ ಬಗ್ಗೆ ಯಾರೂ ಕೇಳಲ್ಲ. ಶಕ್ತಿನಗರದಲ್ಲೂ ಕುಡಿತಿನಿಯಲ್ಲೂ ಕರೆಂಟ್ ಹುಟ್ಟುತ್ತದೆ, ನಮ್ಮ ಫ್ರೀಜರಿಗೆ ಮಾತ್ರ ಮಧ್ಯಾಹ್ನ ಬರಲ್ಲ! ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಒಂದು ಸಲ ಜನರೇಟರ್ ಹತ್ತಲಿಲ್ಲ. ಮೈನಸ್ 80 ಫ್ರೀಜರ್ ಸಂಜೆ ತೆರೆದರೆ ಮೈನಸ್ 30. ಒಳಗಿದ್ದ ರಸವೆಲ್ಲ ಹೋಯಿತು. ನೋಡೋಕೆ ಹಾಗೇ ಇತ್ತು, ಕೆಲಸ ಮಾತ್ರ ಅರ್ಧ.

ರಸವನ್ನು ಒಂದೇ ಟ್ಯೂಬಿನಲ್ಲಿಟ್ಟು ದಿನಾ ಕರಗಿಸಬೇಡ ತಾಯಿ. 50 ಮೈಕ್ರೋಲೀಟರಿನ ಸಣ್ಣ ಟ್ಯೂಬ್ ಮಾಡು, ಒಮ್ಮೆ ಕರಗಿಸಿದ್ದು ಮತ್ತೆ ಫ್ರೀಜರಿಗೆ ಬೇಡ. ದ್ರವ ಸಾರಜನಕ ಸಿಗಲ್ಲ ಅಂತ ಎಷ್ಟೋ ಹುಡುಗರು ಐಸಿನಲ್ಲೇ ಹೆಪ್ಪುಗಟ್ಟಿಸುತ್ತಾರೆ. ಪಶು ಆಸ್ಪತ್ರೆಯಲ್ಲಿ ಕೇಳಿದ್ದೀಯಾ? ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಅವರು ಇಡುವುದೇ ಅದರಲ್ಲಿ. ಒಂದು ಪತ್ರ, ಒಂದು ಕ್ಯಾನ್, ಸ್ವಲ್ಪ ನಗು. ಎರಡು ಲೀಟರ್ ಸಿಕ್ಕೇ ಸಿಗುತ್ತದೆ. ನಾನು ತರುವುದು ಹಾಗೇ.

ಮಿರ್ಚಿ_ಮಂಡಕ್ಕಿ

ಎಮ್ಮೆ ಡಾಕ್ಟರ್ ಹತ್ರ ಪ್ರೋಟೀನ್ ಫ್ರೀಜ್ ಮಾಡಿಸೋದು. ಇವತ್ತಿಗೆ ಇಷ್ಟು ಜ್ಞಾನ ಸಾಕು.

ತುಂಗಭದ್ರಾ_ದಂಡೆ · ಗುರುವಾರ

ಪರೀಕ್ಷೆ ಮಾಡಿದೆ. ಕಿಟ್ ಡಿಎನ್‌ಎ ಮಾತ್ರ: 9,100. ಅದಕ್ಕೆ ಟಿಇ: 8,700. ಅದಕ್ಕೆ ನನ್ನ ಡಿಎನ್‌ಎ: 1,150.

ಬಿಸಿಲು ಸರ್, ನಿಮ್ಮ ಬಾಯಿಗೆ ಸಕ್ಕರೆ. ಅದೇ ಪ್ಲಾಸ್ಮಿಡ್ಡನ್ನು ಪಿಸಿಆರ್ ಶುದ್ಧೀಕರಣದ ಕಾಲಮ್ಮಿನಲ್ಲಿ ಇನ್ನೊಮ್ಮೆ ಹಾಯಿಸಿ, ನ್ಯೂಕ್ಲಿಯೇಸ್ ಇಲ್ಲದ ನೀರಿನಲ್ಲಿ ಇಳಿಸಿದೆ. ನನ್ನ ರಸದಲ್ಲಿ ಈಗ 2,300. ಅಳು ಬಂತು. ಆದರೂ ಕಿಟ್ಟಿನ ಕಾಲು ಭಾಗ ಅಷ್ಟೇ.

ರಾಯಚೂರು_ಬಿಸಿಲು

ಭೇಷ್. ಈಗ ಟ್ಯೂಬು ನೋಡೋಣ. ಪಿಸಿಆರ್ ಟ್ಯೂಬಿನಲ್ಲಿ 100 ಮೈಕ್ರೋಲೀಟರ್ ಅಂದರೆ ಬಾವಿ ಥರ. ಆಳ ಜಾಸ್ತಿ, ಬಾಯಿ ಚಿಕ್ಕದು. ಗಾಳಿ ಒಳಗೆ ಹೋಗಲ್ಲ. ಸೆಲ್ ಒಡೆದಾಗ ಅದರ ಒಳಪೊರೆಯ ಚೂರುಗಳು ಮುದುಡಿ ಸಣ್ಣ ಗುಳ್ಳೆಗಳಾಗಿ ರಸದಲ್ಲಿ ಉಳಿಯುತ್ತವೆ. ಆಮ್ಲಜನಕ ಸಿಕ್ಕರೆ ಅವು ಇನ್ನೂ ಎಟಿಪಿ ಮಾಡುತ್ತವೆ. ಸಿಗದಿದ್ದರೆ ಪಿಇಪಿ ಮುಗಿದ ಕೂಡಲೇ ಒಲೆ ಆರಿಹೋಗುತ್ತದೆ.

ಇನ್ನೊಂದು ಇದೆ, ತುಂಬಾ ಜನ ಮರೆಯುತ್ತಾರೆ. ಜಿಎಫ್‌ಪಿ ಮಡಚಿಕೊಂಡ ಮೇಲೂ ಹೊಳೆಯಲು ಆಮ್ಲಜನಕ ಬೇಕೇ ಬೇಕು. ಅದರ ಬಣ್ಣದ ಗಂಟು ಕೂಡಿಕೊಳ್ಳುವುದೇ ಆಮ್ಲಜನಕದಿಂದ. ಗಾಳಿ ಸಿಗದಿದ್ದರೆ ಪ್ರೋಟೀನ್ ಇರುತ್ತದೆ, ಹೊಳಪು ಇರಲ್ಲ. ನೀನು ಪ್ರೋಟೀನ್ ಆಗಿಲ್ಲ ಅಂತ ಅಳುತ್ತಾ ಕೂರುತ್ತೀಯ.

15 ಮೈಕ್ರೋಲೀಟರ್ ಮಾಡು. ಚಪ್ಪಟೆ ತಳದ ಪ್ಲೇಟಿನಲ್ಲಿ ಹರಡು, ಒಣಗದ ಹಾಗೆ ಮೇಲೆ ಫಿಲ್ಮ್ ಅಂಟಿಸು. 37 ಬೇಡ, 30 ಡಿಗ್ರಿ ಇಡು. ನಿಧಾನಕ್ಕೆ ಆಗುತ್ತದೆ, ಆದರೆ ಜಾಸ್ತಿ ಹೊತ್ತು ಓಡುತ್ತದೆ. ಆಮೇಲೆ ಮೆಗ್ನೀಸಿಯಂ. 8 ಅನ್ನೋದು ಯಾರೋ ಅವರ ರಸಕ್ಕೆ ಕಂಡುಕೊಂಡ ಉಪ್ಪು. ನಿನ್ನ ಸಾರಿಗೆ ಎಷ್ಟು ಅಂತ ನೀನೇ ನಾಲಿಗೆಗಿಟ್ಟು ನೋಡಬೇಕು. ಹೊಸ ಬ್ಯಾಚ್ ರಸ ಮಾಡಿದಾಗಲೆಲ್ಲ ಮತ್ತೆ ನೋಡಬೇಕು.

ಗಂಗಾವತಿ_ಸೋನಾ

ಒಂದು ಅನುಮಾನ. 2,300 ಅಂದರೆ ಏನು 2,300? ರೂಪಾಯಿನಾ, ಗ್ರಾಮಾ?

ಆನೆಗೊಂದಿ_ಹುಡುಗ

ಒಳ್ಳೆ ಪ್ರಶ್ನೆ, ಏನೂ ಅಲ್ಲ ಅದು. ಮೆಷಿನ್ ಎಣಿಸುವ ಬೆಳಕು ಅಷ್ಟೇ. ಸೆಟ್ಟಿಂಗ್ ಬದಲಾದರೆ ಅಂಕಿಯೂ ಬದಲು. ಶುದ್ಧ ಜಿಎಫ್‌ಪಿಯನ್ನು ತೂಕದ ಲೆಕ್ಕದಲ್ಲಿ ಅದೇ ಪ್ಲೇಟಿಗೆ ಹಾಕಿ ಗೆರೆ ಎಳೆದರೆ ಮಾತ್ರ ಮಿಲಿಗ್ರಾಂ ಹೇಳಬಹುದು. ದಂಡೆ ಅಕ್ಕ, ಥೀಸಿಸ್ ಬರೆಯುವ ಮೊದಲು ಇದು ಮಾಡಿ, ಇಲ್ಲಾಂದ್ರೆ ವೈವಾದಲ್ಲಿ ಇದೇ ಪ್ರಶ್ನೆ ಬರುತ್ತದೆ.

ತುಂಗಭದ್ರಾ_ದಂಡೆ · ಮುಂದಿನ ಮಂಗಳವಾರ

ಪ್ಲೇಟಿಗೆ ಬದಲಾಯಿಸಿದ್ದಕ್ಕೇ 2,300 ಇದ್ದದ್ದು 3,400 ಆಯಿತು. ಆಮೇಲೆ ಮೆಗ್ನೀಸಿಯಂ. 6ಕ್ಕೆ 1,900, 8ಕ್ಕೆ 3,400, 10ಕ್ಕೆ 6,100, 12ಕ್ಕೆ 7,800, 14ಕ್ಕೆ 5,200, 16ಕ್ಕೆ 2,000. ಗುಡ್ಡದ ಥರ ಬಂತು. ಇಷ್ಟು ಚೂಪು ಗುಡ್ಡ ಅಂದುಕೊಂಡಿರಲಿಲ್ಲ. ಪ್ಲೇಟನ್ನು ನೀಲಿ ಬೆಳಕಿನ ಮೇಲಿಟ್ಟೆ. ಮಧ್ಯದ ಎರಡು ಗುಣಿ ಹಸಿಮೆಣಸಿನಕಾಯಿ ಹಸಿರು, ಎರಡೂ ಕಡೆ ಮಂಕಾಗುತ್ತಾ ಹೋಗಿತ್ತು. ಗೈಡನ್ನು ಕರೆದು ತೋರಿಸಿದೆ. ಏನೂ ಹೇಳಲಿಲ್ಲ, ಮೊಬೈಲ್ ತೆಗೆದು ಫೋಟೋ ಹಿಡಿದರು.

ಇನ್ನೂ ಮೇಲೆ ಹೋಗಬಹುದಾ? ಯಾವುದಾದರೂ ಹೊಸ ಪುಡಿ ತರಿಸಬೇಕಾ?

ಆನೆಗೊಂದಿ_ಹುಡುಗ

ಈ ಸಲ ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ. ಪಿಇಪಿ ದುಬಾರಿ. ಅದಕ್ಕಿಂತ ದೊಡ್ಡ ತೊಂದರೆ, ಅದು ಉರಿದ ಮೇಲೆ ಫಾಸ್ಫೇಟ್ ಬೂದಿ ಥರ ಉಳಿಯುತ್ತದೆ. ಆ ಬೂದಿ ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಹಿಟ್ಟು ಇದ್ದರೂ ಎರಡು ಮೂರು ಗಂಟೆಗೆ ಕೆಲಸ ನಿಲ್ಲುವುದಕ್ಕೆ ಅದೂ ಒಂದು ಕಾರಣ. ಅದರ ಬದಲು 3-ಪಿಜಿಎ ಅನ್ನೋ ಇನ್ನೊಂದು ಕಟ್ಟಿಗೆ ಹಾಕಿದರೆ ಸ್ವಲ್ಪ ಜಾಸ್ತಿ ಹೊತ್ತು ಓಡುತ್ತದೆ. ಮಾಲ್ಟೋಡೆಕ್ಸ್ಟ್ರಿನ್ ಹಾಕಿದರೆ ರಸದಲ್ಲಿರುವ ಎನ್‌ಜೈಮುಗಳು ಆ ಬೂದಿಯನ್ನೇ ಮತ್ತೆ ಒಲೆಗೆ ಹಾಕುತ್ತವೆ. ಮಿನ್ನೆಸೋಟಾದ ಒಂದು ಗುಂಪು 2014ರಲ್ಲಿ ಇದೇ ದಾರಿಯಲ್ಲಿ ಮಿಲಿಲೀಟರಿಗೆ 2.3 ಮಿಲಿಗ್ರಾಂ ಪ್ರೋಟೀನ್ ತೆಗೆದಿದೆ. ಬರೀ ಗ್ಲೂಕೋಸ್ ಇನ್ನೂ ಅಗ್ಗ, ಆದರೆ ರಸ ಹುಳಿಯಾಗುತ್ತದೆ, ಬಫರ್ ಗಟ್ಟಿ ಇರಬೇಕು.

ಅಮೈನೋ ಆಮ್ಲಗಳಲ್ಲೂ ಎಲ್ಲವೂ ಒಟ್ಟಿಗೆ ಮುಗಿಯಲ್ಲ. ಆರ್ಜಿನಿನ್, ಸೆರಿನ್, ಸಿಸ್ಟೀನ್, ಟ್ರಿಪ್ಟೊಫಾನ್ ಇವನ್ನು ರಸದಲ್ಲಿರುವ ಎನ್‌ಜೈಮುಗಳೇ ತಿಂದುಬಿಡುತ್ತವೆ.

ಫ್ರಾನ್ಸಿನಲ್ಲಿ 2020ರಲ್ಲಿ ಕಂಪ್ಯೂಟರಿಗೆ ಕಲಿಸಿ ಮಿಶ್ರಣ ಹುಡುಕಿದರು. ಸ್ವಲ್ಪ ಪ್ಲೇಟ್ ಮಾಡುವುದು, ಫಲಿತಾಂಶ ಕೊಡುವುದು, ಮುಂದೆ ಯಾವುದು ಮಾಡಲಿ ಅಂತ ಅದನ್ನೇ ಕೇಳುವುದು. ಇಳುವರಿ 34 ಪಟ್ಟು ಏರಿತು.

ರಾಯಚೂರು_ಬಿಸಿಲು

34 ಪಟ್ಟು ಕೇಳಿ ಬೆರಗಾಗಬೇಡಿ. ಎಲ್ಲಿಂದ ಶುರು ಮಾಡಿದರು ಅನ್ನೋದರ ಮೇಲೆ ಪಟ್ಟು ನಿಂತಿದೆ. ಈ ಹುಡುಗಿ 640ರಿಂದ 7,800ಕ್ಕೆ ಹೋದಳು, ಸುಮಾರು 12 ಪಟ್ಟು. ಒಂದು ಪುಡಿಯನ್ನೂ ಹೊಸದಾಗಿ ತರಿಸಿಲ್ಲ. ಬರೀ ಹಾಳು ಮಾಡುತ್ತಿದ್ದದ್ದನ್ನು ನಿಲ್ಲಿಸಿದಳು.

ದೊಡ್ಡದಾಗಿ ಮಾಡಿದವರೂ ಇದ್ದಾರೆ. ಅಮೆರಿಕದ ಸೂತ್ರೋ ಕಂಪನಿ 2011ರಲ್ಲಿ 100 ಲೀಟರ್ ರಿಯಾಕ್ಷನ್ ಓಡಿಸಿ 10 ಗಂಟೆಯಲ್ಲಿ ಲೀಟರಿಗೆ 700 ಮಿಲಿಗ್ರಾಂ ಔಷಧಿ ಪ್ರೋಟೀನ್ ತೆಗೆದದ್ದನ್ನು ಪ್ರಕಟಿಸಿತು. ನಮಗೆ 15 ಮೈಕ್ರೋಲೀಟರ್ ಸಾಕು.

ಕೊಪ್ಪಳದ_ನೀರು

ಇಷ್ಟೂ ಓದಿದೆ. ಕೋಪ ಮಾಡ್ಕೋಬೇಡಿ. ಇದರಿಂದ ಊರಿಗೆ ಏನು ಉಪಯೋಗ? ನಾನು ನೀರು ಪರೀಕ್ಷೆ ಮಾಡುವವನು. ಹಸಿರು ಹೊಳೆದರೆ ಯಾರಿಗೆ ಏನಾಯಿತು?

ತುಂಗಭದ್ರಾ_ದಂಡೆ

ಕೋಪ ಯಾಕೆ ಅಣ್ಣ, ನಾನು ಇದಕ್ಕೆ ಇಳಿದದ್ದೇ ನೀರಿಗಾಗಿ. ನಮ್ಮ ಅಜ್ಜಿ ಊರು ಯಲಬುರ್ಗಾ ಕಡೆ. ಅಜ್ಜಿ ಹಲ್ಲು ಪೂರ್ತಿ ಕಂದು. ಬೋರಿನ ಫ್ಲೋರೈಡ್ ಅಂತ ಗೊತ್ತಾಗಿದ್ದು ನಾನು ಡಿಗ್ರಿಗೆ ಬಂದ ಮೇಲೆ.

ಫ್ಲೋರೈಡ್ ಇದ್ದರೆ ಮಾತ್ರ ಮುಂದಕ್ಕೆ ಬರೆಯಲು ಬಿಡುವ ಒಂದು ಆರ್‌ಎನ್‌ಎ ಕೀಲಿ ಬ್ಯಾಕ್ಟೀರಿಯಾದಲ್ಲಿ ಇದೆ, ರೈಬೋಸ್ವಿಚ್ ಅನ್ನುತ್ತಾರೆ. ಅದನ್ನು ಸೆಲ್-ಫ್ರೀ ರಸಕ್ಕೆ ಹಾಕಿ ಒಣಗಿಸಿಟ್ಟರೆ, ಒಂದು ಹನಿ ನೀರು ಹಾಕಿದಾಗ ಫ್ಲೋರೈಡ್ ಇದ್ದರೆ ಹಳದಿ ಆಗುತ್ತದೆ. 2020ರಲ್ಲಿ ಅಮೆರಿಕದವರು ಕೋಸ್ಟರಿಕಾಕ್ಕೆ ಹೋಗಿ ಅಲ್ಲಿನ ನೀರಿನ ಮೇಲೆ ಮಾಡಿ ತೋರಿಸಿದ್ದಾರೆ. ನನ್ನ ಕನಸು ಅದೇ. ಅದಕ್ಕೆ ಮೊದಲು ರಸ ಗಟ್ಟಿ ಆಗಬೇಕಲ್ಲ.

ಕೊಪ್ಪಳದ_ನೀರು

ಆ ಕೆಲಸ ಓದಿದ್ದೇನೆ. ಅವರು ತೋರಿಸಿದ್ದು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ದಾಟಿದ ನೀರಿಗೆ. ನಮ್ಮ ಬಿಐಎಸ್ ಪ್ರಕಾರ 1ರ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೆ 1.5ರ ತನಕ. 1.7 ಇರುವ ಬೋರಿಗೆ ನಿಮ್ಮ ಟ್ಯೂಬ್ ಹಳದಿ ಆಗದಿದ್ದರೆ ಜನ ನೀರು ಸರಿ ಇದೆ ಅಂತ ಕುಡಿಯುತ್ತಾರೆ. ಎಲೆಕ್ಟ್ರೋಡ್ ಆದರೆ ಅಂಕಿ ಕೊಡುತ್ತೆ.

ಆನೆಗೊಂದಿ_ಹುಡುಗ

ಎಲೆಕ್ಟ್ರೋಡ್ ಊರೂರಿಗೆ ಒಯ್ಯೋದು ಯಾರು ಅಣ್ಣ?

ಕೊಪ್ಪಳದ_ನೀರು

ನಾನೇ ಒಯ್ಯುತ್ತೇನೆ. ಬೈಕಿನಲ್ಲಿ.

ರಾಯಚೂರು_ಬಿಸಿಲು

ನೀರಣ್ಣ ಹೇಳಿದ್ದು ಮುಖ್ಯ. ಅದರ ಮೇಲೆ ಇನ್ನೂ ಎರಡು ಕಹಿ ಮಾತು ಸೇರಿಸುತ್ತೇನೆ ತಂಗಿ.

ಜಾಸ್ತಿ ಪ್ರೋಟೀನ್ ಬಂದರೆ ಸೆನ್ಸರ್ ಒಳ್ಳೆಯದಾಯಿತು ಅಂತ ಅಲ್ಲ. ಕೀಲಿ ಮುಚ್ಚಿದ್ದಾಗಲೂ ಚೂರು ಸೋರುತ್ತದೆ. ರಸ ಗಟ್ಟಿಯಾದರೆ ಆ ಸೋರಿಕೆಯೂ ಗಟ್ಟಿ. ಫ್ಲೋರೈಡ್ ಇಲ್ಲದ ಟ್ಯೂಬೂ ಹಳದಿ ಆದರೆ ಏನು ಮಾಡ್ತೀಯ? ನೀನು ಏರಿಸಬೇಕಾದ್ದು ಇದ್ದಾಗ ಮತ್ತು ಇಲ್ಲದಾಗಿನ ಅಂತರ. ಮತ್ತೆ ಆ ಕೀಲಿ ಕೆಲಸ ಮಾಡುವುದು ಇ. ಕೋಲೈನ ಸ್ವಂತ ಪಾಲಿಮರೇಸ್ ಜೊತೆ. ಟಿ7 ಪ್ರೊಮೋಟರಿನಲ್ಲಿ ನೀನು ಕಂಡುಕೊಂಡ ಮೆಗ್ನೀಸಿಯಂ 12 ಅಲ್ಲಿಗೆ ಹಾಗೇ ಬರುತ್ತೆ ಅಂತ ನಂಬಬೇಡ.

ಎರಡನೆಯದು ನೀರು. ನಿಮ್ಮ ಕಡೆ ಬೋರಿನ ನೀರು ಎಷ್ಟು ಗಡಸು? ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ ಅಲ್ವಾ. ಆ ಗಡಸುತನ ಅಂದರೇನೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ಲೀಟರಿಗೆ 600 ಮಿಲಿಗ್ರಾಂ ಗಡಸುತನ ಅಂದರೆ ಎರಡೂ ಸೇರಿ 6 ಮಿಲಿಮೋಲಾರ್. ನಿನ್ನ ಗುಡ್ಡ ಮತ್ತೆ ನೋಡು. 12ರಿಂದ 16ಕ್ಕೆ ಹೋದರೆ 7,800 ಇದ್ದದ್ದು 2,000. ಒಣಗಿಸಿದ ಟ್ಯೂಬಿಗೆ ಪೂರ್ತಿ ಬೋರಿನ ನೀರನ್ನೇ ಹಾಕಿದರೆ ನೀನು ಗುಡ್ಡದ ಆಚೆ ಬಿದ್ದಿರುತ್ತೀಯ. ಫ್ಲೋರೈಡ್ ಇದ್ದರೂ ಟ್ಯೂಬ್ ಬಿಳಿ. ಸಾಲದ್ದಕ್ಕೆ ಆ ರೈಬೋಸ್ವಿಚ್ ಫ್ಲೋರೈಡನ್ನು ಹಿಡಿಯುವುದೂ ಮೂರು ಮೆಗ್ನೀಸಿಯಂ ಅಯಾನುಗಳ ಮಧ್ಯೆ ಇಟ್ಟುಕೊಂಡು. ಎಲ್ಲಿ ಹೋದರೂ ಮೆಗ್ನೀಸಿಯಂ.

ಬೀಗದ_ಕೈ_ನನ್ನ_ಹತ್ರ

ಇದಕ್ಕೇ ನಾನು ಆರ್‌ಒ ನೀರನ್ನೂ ಆಟೋಕ್ಲೇವಿಗೆ ಹಾಕುವ ಮೊದಲು ಮೀಟರ್ ಇಟ್ಟು ನೋಡೋದು. ಯಾರೂ ಕೇಳಲ್ಲ.

ತುಂಗಭದ್ರಾ_ದಂಡೆ · ಎರಡು ವಾರದ ನಂತರ

ತಡವಾಯಿತು, ಹೊಸ ಬ್ಯಾಚ್ ರಸ ಮಾಡುತ್ತಿದ್ದೆ. ಪಶು ಆಸ್ಪತ್ರೆಯಿಂದ ದ್ರವ ಸಾರಜನಕ ಸಿಕ್ಕಿತು. ಪತ್ರ ಬೇಕಾಗಲಿಲ್ಲ, ನಗು ಸಾಕಾಯಿತು.

ಜಿಎಫ್‌ಪಿ ರಿಯಾಕ್ಷನ್ ಒಣಗಿಸಿ ಎರಡು ಥರದ ನೀರು ಹಾಕಿದೆ. ಮಿಲಿಕ್ಯೂ (ಲ್ಯಾಬಿನ ಶುದ್ಧ) ನೀರಿಗೆ ಈ ಬ್ಯಾಚಿನ ಗುಡ್ಡದ ತುದಿ ಮೆಗ್ನೀಸಿಯಂ 11ರಲ್ಲಿ. ನಮ್ಮ ಹಾಸ್ಟೆಲ್ ಬೋರಿನ ನೀರಿಗೆ, ಗಡಸುತನ 480, ತುದಿ 8ಕ್ಕೆ ಜರುಗಿತು. ಎತ್ತರವೂ ಸ್ವಲ್ಪ ಕಡಿಮೆ, ಕ್ಯಾಲ್ಸಿಯಂನಿಂದ ಇರಬೇಕು. 11 ಹಾಕಿದ ಟ್ಯೂಬಿಗೆ ಬೋರಿನ ನೀರು ಹಾಕಿದರೆ ಅರ್ಧಕ್ಕೂ ಕಡಿಮೆ. ಬಿಸಿಲು ಸರ್ ಹೇಳದಿದ್ದರೆ ನಾನು ಇದನ್ನು ಫ್ಲೋರೈಡ್ ಇಲ್ಲ ಅಂತ ಬರೆದುಬಿಡುತ್ತಿದ್ದೆ.

ಈಗ ಯೋಚನೆ ಹೀಗಿದೆ. ಒಣಗಿಸುವ ಮಿಶ್ರಣದಲ್ಲಿ ಮೆಗ್ನೀಸಿಯಂ 8ಕ್ಕೇ ಇಡುವುದು. ಪಕ್ಕದಲ್ಲಿ ಇನ್ನೊಂದು ಟ್ಯೂಬ್, ಅದರಲ್ಲಿ ಕೀಲಿ ಇಲ್ಲದ ಡಿಎನ್‌ಎ. ಅದು ಯಾವ ನೀರಿಗಾದರೂ ಹಳದಿ ಆಗಲೇಬೇಕು. ಅದು ಆಗದಿದ್ದರೆ ಆ ಪರೀಕ್ಷೆ ರದ್ದು, ನೀರಣ್ಣನ ಎಲೆಕ್ಟ್ರೋಡ್ ಕರೆಸುವುದು.

ಬೇರೆ ಬೇರೆ ಗಡಸುತನದ ನೀರು ಬೇಕು. ಯಾರಾದರೂ ಕೊಡ್ತೀರಾ?

ಗಂಗಾವತಿ_ಸೋನಾ

ನಮ್ಮದು ಕಾಲುವೆ ನೀರು, ನಡೆಯುತ್ತಾ?

ತುಂಗಭದ್ರಾ_ದಂಡೆ

ನಡೆಯುತ್ತೆ ಅಣ್ಣ, ಮೆದು ನೀರೂ ಬೇಕು.

ಕೊಪ್ಪಳದ_ನೀರು

ಆ ಎರಡನೇ ಟ್ಯೂಬಿನ ಮಾತು ಹಿಡಿಸಿತು. ಶನಿವಾರ ಕುಷ್ಟಗಿ ಕಡೆ ಹೋಗ್ತಿದ್ದೇನೆ. ಆರು ಬೋರಿನ ನೀರು ತಂದುಕೊಡ್ತೀನಿ, ನನ್ನ ಎಲೆಕ್ಟ್ರೋಡಿನ ಅಂಕಿ ಬೇರೆ ಚೀಟಿಯಲ್ಲಿ ಬರೆದು ಮುಚ್ಚಿಡ್ತೀನಿ. ನಿನ್ನ ಟ್ಯೂಬ್ ಏನು ಹೇಳುತ್ತೆ ಅಂತ ನೀನು ಮೊದಲು ಹೇಳು, ಆಮೇಲೆ ಚೀಟಿ ಬಿಚ್ಚೋಣ. ಖಾಲಿ ಬಾಟಲಿ ನೀನೇ ಕಳಿಸಮ್ಮ. ಪ್ಲಾಸ್ಟಿಕ್‌ದು ಇರಲಿ, ಫ್ಲೋರೈಡಿಗೆ ಗಾಜು ಬೇಡ.